ಮಸುಕಾದ ಕೈ

ಈಗಷ್ಟೇ ಕುರುಬರಹಳ್ಳಿ ಸರ್ಕಲ್ಲಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಟ್ರಾಫಿಕ್ ಪೊಲೀಸರೊಬ್ಬರು ಎಡಗೈಯಲ್ಲಿ ಬಸ್ಸು ತಡೆದು, ಬಲಗೈಯ ಬೆರಳಷ್ಟೇ ಆಡಿಸಿ ಆಟೊಗಳನ್ನು ಕರೀತಿದ್ರು. ಮೊಬೈಲಲ್ಲಿ ಕ್ಲಿಕ್ಕಿಸಿದೆ. ಮುಖ ಸ್ಪಷ್ಟ, ಕೈ ಪೂರ್ತಿ ಮಸುಕು. ಡಿಲೀಟ್ ಮಾಡೋಕೆ ಹೋಗಿ ತಡೆದೆ. ಕೆಲಸ ಮಾಡ್ತಿದ್ದದ್ದು ಆ ಕೈಯೇ ಅಲ್ವಾ?

ಕಾಪ್ ಶಿವ ನೆನಪಾದ್ರು. ಬೆಂಗಳೂರಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಆಗಿದ್ದುಕೊಂಡೇ ಕ್ಯಾಮೆರಾ ಹಿಡಿದವರು. ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು ಗಾಂಧಿಯಾಗಿ ನಿಲ್ಲೋ ಮೇಷ್ಟ್ರೊಬ್ಬರನ್ನ 'ಬೀಯಿಂಗ್ ಗಾಂಧಿ' ಸರಣಿಯಲ್ಲಿ ತೋರಿಸಿದ್ರು. ಪ್ರತಿಮೆ ಥರ ನಿಂತ ಮೈ, ಸುತ್ತ ಓಡಾಡೋ ಲೋಕ. ಇಲ್ಲಿ ಉಲ್ಟಾ. ಇಡೀ ಬೀದಿ ನಿಂತಿತ್ತು, ಒಂದು ಕೈ ಮಾತ್ರ ಆಡ್ತಿತ್ತು.

ನಿಮ್ಮ ಏರಿಯಾದಲ್ಲಿ ಇಂಥ ಕೈ ಯಾರದು? ಪರೋಟ ಬಡಿಯೋರದ್ದಾ, ಹೂ ಕಟ್ಟೋರದ್ದಾ?