ಒಂದು ಮೇಜು, ಮೂರು ತಲೆಮಾರು

ಸರಕಾರಿ ಕಾಲೇಜಿನ ಅಧ್ಯಾಪಕರ ಕೊಠಡಿಯನ್ನು ಅವಿಭಕ್ತ ಕುಟುಂಬಕ್ಕೆ ಹೋಲಿಸುವುದು ಬೀಳ್ಕೊಡುಗೆ ಸಮಾರಂಭಗಳ ವಾಡಿಕೆ. ಹೋಲಿಕೆ ಅಷ್ಟೇನೂ ತಪ್ಪಲ್ಲ. ಇಲ್ಲಿಯೂ ಒಬ್ಬರಿಗೆ ಕಿಟಕಿಯ ಪಕ್ಕದ ಕುರ್ಚಿ, ಇನ್ನೊಬ್ಬರಿಗೆ ಬಾಗಿಲ ಬಳಿಯ ಸ್ಟೂಲು. ಬೀರುವಿನ ಬೀಗದ ಕೈ ಮಾತ್ರ ಮನೆಯ ಯಜಮಾನರಲ್ಲಿ. ನಮ್ಮ ಕನ್ನಡ ವಿಭಾಗದ ಮೇಜಿನ ಸುತ್ತ ಕೂರುವವರು ಮೂರು ತಲೆಮಾರಿನವರು. ತುದಿಯಲ್ಲಿ ಐವತ್ತೊಂಬತ್ತು ತುಂಬಿದ ಮುಖ್ಯಸ್ಥರು. ನಡುವೆ ನಲವತ್ತು ದಾಟಿದ ನಾವಿಬ್ಬರು. ಬಾಗಿಲ ಕಡೆಗೆ ಇಪ್ಪತ್ತೇಳರ ಅತಿಥಿ ಉಪನ್ಯಾಸಕಿ. ನಮ್ಮ ಕಡೆ ಮನೆಗೆ ಬಂದ ಅತಿಥಿಗೆ ಕಾಲಿಗೆ ನೀರು ಕೊಟ್ಟು ಮಣೆ ಹಾಕುತ್ತಾರೆ. ಈ ಅತಿಥಿಗೆ ನಾವು ಮೊದಲು ಹಾಕುವುದು ಉಳಿದವರು ಬೇಡವೆಂದ ಸಾಯಂಕಾಲದ ಪೀರಿಯಡ್ಡನ್ನು.

ಹೋದ ವರ್ಷ ನಮಗೆಲ್ಲ ಒಂದು ದಿನದ ಕಾರ್ಯಾಗಾರ ನಡೆಯಿತು. ಬೇರೆ ಬೇರೆ ವಯಸ್ಸಿನವರು ಕೂಡಿ ಕೆಲಸ ಮಾಡುವುದು ಹೇಗೆ ಎಂಬುದು ವಿಷಯ. ಬಂದ ಭಾಷಣಕಾರರು ತೆರೆಯ ಮೇಲೆ ಒಂದು ಪಟ್ಟಿ ಮೂಡಿಸಿದರು: 1946ರಿಂದ 1964ರವರೆಗೆ ಹುಟ್ಟಿದವರು 'ಬೂಮರ್', 1980ರವರೆಗೆ 'ಎಕ್ಸ್', 1996ರವರೆಗೆ 'ಮಿಲೇನಿಯಲ್', ಅಲ್ಲಿಂದ ಮುಂದೆ 'ಝೆಡ್'. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ತೊಟ್ಟಿಲುಗಳು ಹೆಚ್ಚಿದ ಲೆಕ್ಕದಿಂದ ಹೊರಟ ಪಟ್ಟಿ ಅದು. ಸೀಮೆಎಣ್ಣೆ ಬುಡ್ಡಿಯ ಮುಂದೆ ಕೂತು ಓದಿದ ನಮ್ಮ ಮುಖ್ಯಸ್ಥರು ಅದರ ಪ್ರಕಾರ 'ಎಕ್ಸ್' ಆದರು. "ಗಣಿತದಲ್ಲಿ ಎಕ್ಸ್ ಅಂದರೆ ಇನ್ನೂ ಕಂಡುಹಿಡಿಯಬೇಕಾದದ್ದು ಕಣಯ್ಯ. ಪರವಾಗಿಲ್ಲ, ಮರ್ಯಾದೆಯಾಗಿಯೇ ಇದೆ" ಎಂದು ಅವರು ನನ್ನ ಕಿವಿಯಲ್ಲಿ ಉಸುರಿದರು.

ಹಿರಿಯರಿಗೆ ಸಂಸ್ಥೆಯ ಮೇಲೆ ನಿಷ್ಠೆ, ಕಿರಿಯರಿಗೆ ಚಾಂಚಲ್ಯ ಎಂದೂ ಭಾಷಣದಲ್ಲಿ ಬಂತು. ನನ್ನ ಎಣಿಕೆಯಲ್ಲಿ ನಮ್ಮ ಮೇಜಿನ ತಲೆಮಾರುಗಳನ್ನು ಬೇರೆ ಮಾಡಿದ್ದು ಹುಟ್ಟಿದ ವರ್ಷವಲ್ಲ, 2006ರ ಏಪ್ರಿಲ್ 1. ಅಂದಿನಿಂದ ರಾಜ್ಯ ಸರಕಾರದ ಕೆಲಸಕ್ಕೆ ಸೇರಿದವರಿಗೆ ಹೊಸ ಪಿಂಚಣಿ ಪದ್ಧತಿ ಬಂತು. ಅದಕ್ಕೆ ಮುಂಚೆ ಸೇರಿದ ಮುಖ್ಯಸ್ಥರಿಗೆ ಅರವತ್ತು ತುಂಬಿದ ಮೇಲೆ ಬರುವ ಪಿಂಚಣಿ ಇಷ್ಟೆಂದು ಗೊತ್ತು. ನನ್ನಂಥವರಿಗೆ ಮೂಲವೇತನ ತುಟ್ಟಿಭತ್ಯಗಳಲ್ಲಿ ನೂರಕ್ಕೆ 10ರಂತೆ ಮುರಿದುಕೊಳ್ಳುತ್ತಾರೆ. ಮುಂದೆ ಬರುವುದೆಷ್ಟೆಂಬುದು ಷೇರುಪೇಟೆಯ ಚಿತ್ತ. ಬಾಗಿಲ ಬಳಿಯ ಹುಡುಗಿಗೆ ಈ ಎರಡೂ ಇಲ್ಲ. ಸಿಗುವುದು ಗೌರವಧನ, ವರ್ಷವರ್ಷವೂ ಹೊಸ ಅರ್ಜಿ, ಹೊಸ ಕೌನ್ಸೆಲಿಂಗು. 2023ರ ನವೆಂಬರಿನಲ್ಲಿ ಅತಿಥಿ ಉಪನ್ಯಾಸಕರು ಹೂಡಿದ ಮುಷ್ಕರ ಮರುವರ್ಷದ ಜನವರಿಯವರೆಗೂ ಬೆಳೆದದ್ದನ್ನು ಓದುಗರು ಮರೆತಿರಲಾರರು. ಆ ಹುಡುಗಿ ಬಿಡುವಿನಲ್ಲಿ ಮೊಬೈಲು ಹಿಡಿದು ಕೂರುವುದನ್ನು ಕಂಡು "ಈ ಕಾಲದವರ ಚಟ" ಎಂದು ಪಕ್ಕದ ವಿಭಾಗದವರು ಮೂಗು ಮುರಿಯುವುದುಂಟು. ಆಕೆ ನೋಡುತ್ತಿರುವುದು ನೇಮಕಾತಿಯ ಪ್ರಕಟಣೆಗಳನ್ನು. ನಿಷ್ಠೆ ಸ್ವಭಾವವೇನೋ ನಿಜ, ಆದರೆ ಅದಕ್ಕೂ ಒಂದಿಷ್ಟು ನೆಲ ಬೇಡವೆ?

ಇಂಥವರು ಕೂಡಿ ದುಡಿಯುವಂತೆ ಮಾಡಿದ್ದು ಕಾರ್ಯಾಗಾರವಲ್ಲ, ಒಂದು ಪ್ರಶ್ನೆಪತ್ರಿಕೆ. ಮುಖ್ಯಸ್ಥರು ಎರಡು ದಶಕದಿಂದ ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ಬೆರಳಚ್ಚು ಮಾಡುತ್ತ ಬಂದವರು. ಆ ಹಳೆಯ ಅಕ್ಷರವಿನ್ಯಾಸದಲ್ಲಿ ರೋಮನ್ ಲಿಪಿಯ ಸಂಕೇತಗಳ ಜಾಗದಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚಿ ರೋಮನ್ ಅಕ್ಷರಗಳೇ ಹೊರಬೀಳುತ್ತವೆ. ಸಾಹೇಬರು ಕಳಿಸಿದ ಪತ್ರಿಕೆ ಪ್ರಾಂಶುಪಾಲರ ಮೊಬೈಲಿನಲ್ಲಿ ಹಾಗೆಯೇ, ಯಾವುದೋ ಶಾಬರ ಮಂತ್ರದಂತೆ, ಕಾಣಿಸಿಕೊಂಡಿತು. ಪರೀಕ್ಷೆಗೆ ಒಂದೇ ದಿನ. ಹುಡುಗಿ ಅದನ್ನು ಯೂನಿಕೋಡಿಗೆ ತಿರುಗಿಸಿದಳು. ಒತ್ತಕ್ಷರಗಳು ಎಲ್ಲೆಲ್ಲಿ ಮುರಿದವೋ ಅಲ್ಲೆಲ್ಲ ಇಬ್ಬರೂ ಕೂತು ತಿದ್ದಿದರು.

ತಿದ್ದುವಾಗ ಪಂಪಭಾರತದ ಒಂದು ಪದ್ಯ ಬಂತು. "ಸರ್, ಇದು ನನಗೆ ಎಂದೂ ಸರಿಯಾಗಿ ಬಿಡಿಸಲು ಬಂದಿಲ್ಲ" ಎಂದಳು. ಹಾಗೆ ಕೇಳುವವರು ಆ ಮೇಜಿನಲ್ಲಿ ಬಹಳ ದಿನಗಳಿಂದ ಇರಲಿಲ್ಲ. ಮುಖ್ಯಸ್ಥರು ಕನ್ನಡಕ ತೆಗೆದಿಟ್ಟು, ಪುಸ್ತಕ ಮುಟ್ಟದೆ, ಗಣ ವಿಂಗಡಿಸಿ, ಸಂಧಿ ಬಿಡಿಸಿ, ಕೊನೆಗೆ ರಾಗವಾಗಿ ಓದಿದರು. ಆಕೆ ಮೊಬೈಲಿನಲ್ಲಿ ಧ್ವನಿ ಹಿಡಿದಿಟ್ಟುಕೊಂಡಳು. ಆ ಮೇಲೆ ಅದು ದಿನದ ರೂಢಿಯಾಯಿತು. ಮಧ್ಯಾಹ್ನದ ಬುತ್ತಿ ಮುಗಿದೊಡನೆ ಒಂದು ಪದ್ಯ ಅವರದು; ಕಾಲೇಜಿನ ಜಾಲತಾಣದಲ್ಲಿ ಅಂಕ ತುಂಬುವ ಒಂದು ಪಾಠ ಆಕೆಯದು. "ಏನು ತಾಯಿ, ಇವತ್ತು ಯಾವ ಗುಂಡಿ ಒತ್ತಬೇಕು?" ಎಂದು ಅವರು ವಿಧೇಯ ವಿದ್ಯಾರ್ಥಿಯಂತೆ ಕೇಳುವುದನ್ನು ನೋಡಲು ನಾನು ಮೂರು ಗಂಟೆಯ ಕಾಫಿಯನ್ನೂ ಮುಂದೂಡಿದ್ದುಂಟು. ಒಂದು ದಿನ ಬೀರುವಿನ ಬೀಗದ ಕೈ ಆಕೆಯ ಕೈಚೀಲದಿಂದ ಹೊರಬಂದಾಗ ಮೇಜಿನಲ್ಲಿ ಯಾರೂ ಮಾತಾಡಲಿಲ್ಲ. ಬೀರುವಿನಲ್ಲಿದ್ದದ್ದು ಗೆದ್ದಲು ಮುಟ್ಟಿದ ಕೆಲವು ನಿಘಂಟುಗಳು, ಅಷ್ಟೆ. ಆದರೂ ಮರುದಿನದಿಂದ ಆಕೆ ಸ್ಟೂಲು ಬಿಟ್ಟು ಕುರ್ಚಿಯಲ್ಲಿ ಕೂತಳು.

ವಿಭಾಗದ ಸಭೆಯಲ್ಲಿ ಈಗ ಆಕೆ ಮಾತಾಡುತ್ತಾಳೆ. ಸಾಯಂಕಾಲದ ಪೀರಿಯಡ್ಡನ್ನು ಸರದಿಯ ಮೇಲೆ ಹಂಚಬೇಕೆಂದು ಹೇಳಿದಾಗ ಹೆಚ್ಚು ಗೊಣಗಿದವರು ಹಿರಿಯರಲ್ಲ, ನಡುವಿನ ನಾವು. ನಮಗೆ ಹಿರಿಯರ ನಿಶ್ಚಿಂತೆಯೂ ಇಲ್ಲ, ಕಿರಿಯರಂತೆ ಬಿಟ್ಟು ಹೋಗುವ ಧೈರ್ಯವೂ ಇಲ್ಲ; ಇರುವುದೆಲ್ಲ ವೇಳಾಪಟ್ಟಿಯ ಮೇಲಿನ ಮಮಕಾರ. ಸರದಿ ಜಾರಿಗೆ ಬಂತೆನ್ನಿ.

ಮುಖ್ಯಸ್ಥರು ಈ ಸೆಮಿಸ್ಟರಿನ ಕೊನೆಗೆ ನಿವೃತ್ತರಾಗುತ್ತಾರೆ. ಹಾರ, ಶಾಲು, ಹಣ್ಣಿನ ಬುಟ್ಟಿಗೆ ತಲೆಗಿಷ್ಟೆಂದು ವಂತಿಗೆ ಆಗಲೇ ಎತ್ತಿದ್ದೇವೆ, ಆಕೆಯೂ ಕೊಟ್ಟಿದ್ದಾಳೆ. ಆಕೆಯ ಅವಧಿ ಮುಗಿಯುವುದೂ ಅದೇ ಹೊತ್ತಿಗೆ. ಆಕೆಗೆ ಸಮಾರಂಭವಿಲ್ಲ, ಮತ್ತೆ ಅರ್ಜಿ ಹಾಕಬೇಕು, ಬಂದರೆ ಇದೇ ಕಾಲೇಜಿಗೇ ಬರಬೇಕೆಂದೂ ಇಲ್ಲ. ಮುಂದಿನ ವರ್ಷದ ವೇಳಾಪಟ್ಟಿಯ ಕರಡು ನನ್ನ ಮುಂದಿದೆ. ಹಳಗನ್ನಡ ಕಾವ್ಯದ ಎದುರಿನ ಮನೆಯಲ್ಲಿ ಇನ್ನೂ ಯಾರ ಹೆಸರನ್ನೂ ಬರೆದಿಲ್ಲ.