ಹೇಳದೆ ಬಿಟ್ಟ ಹೆಸರು

ಮಗುವಿನ ತೂಕ ಸರಿಯಾಗಿತ್ತು. ಅದೊಂದನ್ನೇ ನೆಪ ಮಾಡಿಕೊಂಡು ನಾನು ಎರಡು ವರ್ಷ ಸುಮ್ಮನಿದ್ದೆ.

ರಾಜ್ಯದಲ್ಲಿ ಅಂಗನವಾಡಿ ಮೊದಲು ಶುರುವಾದದ್ದು 1975ರಲ್ಲಿ, ನಮ್ಮ ಟಿ. ನರಸೀಪುರ ತಾಲ್ಲೂಕಿನಲ್ಲಿ. ಅಂಥ ತಾಲ್ಲೂಕಿನ ಕಾರ್ಯಕರ್ತೆ ನಾನು ಎಂಬ ಹೆಮ್ಮೆ ನನಗೆ ಈಗಲೂ ಇದೆ. ಮಗುವನ್ನು ತೂಗಿ, ಚಾರ್ಟಿನಲ್ಲಿ ಚುಕ್ಕಿ ಹಸಿರು ಪಟ್ಟಿಯೊಳಗೆ ಬಿದ್ದರೆ ಸಾಕು, ಆ ಮಗುವಿನ ಚಿಂತೆ ಬಿಡುತ್ತಿದ್ದೆ. ತಾಯಿ ಕಾರ್ಡಿನಲ್ಲಿ ಚುಚ್ಚುಮದ್ದಿನ ಪುಟ ನೋಡುತ್ತಿದ್ದೆ. ಮಗು ಯಾವಾಗ ಸದ್ದಿಗೆ ತಿರುಗಬೇಕು, ಯಾವಾಗ ತೊದಲಬೇಕು ಎಂದು ಚಿತ್ರ ಹಾಕಿ ಹೇಳಿದ ಪುಟವೂ ಅದರಲ್ಲೇ ಇತ್ತು.

ಆ ಹುಡುಗನಿಗೆ ಒಂದೂವರೆ ವರ್ಷವಾದಾಗ ಅವನ ತಾಯಿ ಆಹಾರದ ಪೊಟ್ಟಣಕ್ಕೆ ಬಂದವಳು ಮೆಲ್ಲಗೆ ಕೇಳಿದಳು: "ಟೀಚರಮ್ಮ, ಕೂಗುದ್ರೆ ಇವ್ನು ತಿರುಗಲ್ಲ. ಏನಾರ ಐತಾ?" ಮಗು ಹಲಗೆಯ ಮೇಲೆ ಕೂತಿತ್ತು. ನಾನು ಅದರ ಹಿಂದೆ ಹೋಗಿ ಅಡುಗೆಯ ದೊಡ್ಡ ತಪ್ಪಲೆಯನ್ನು ಹಲಗೆಯ ಮೇಲೆ ಧೊಪ್ಪನೆ ಕುಕ್ಕಿದೆ. ತಿರುಗಿ ನೋಡಿತು. "ನೋಡು, ಕೇಳುಸ್ತದೆ. ಗಂಡು ಮಕ್ಳಿಗೆ ಮಾತು ತಡ ಕಣೇ" ಎಂದೆ. ಅವಳ ಮುಖ ಅರಳಿತು. ಹಲಗೆಯ ಅದುರು ಮಗುವಿನ ಮೈಗೆ ಮುಟ್ಟಿತ್ತು, ನನ್ನ ನೆರಳು ಕಣ್ಣಿಗೆ ಬಿದ್ದಿತ್ತು. ಕಿವಿಗೆ ಏನೂ ತಲುಪಿರಲಿಲ್ಲ.

ಇಲ್ಲಿಯವರೆಗೆ ನನ್ನದು ಅಜ್ಞಾನ ಎನ್ನಬಹುದು. ಮುಂದಿನದನ್ನು ಹಾಗೆ ಅನ್ನಲಾರೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾದದ್ದೇ ಇಂಥ ಮಕ್ಕಳನ್ನು ಎಳವೆಯಲ್ಲೇ ಗುರುತಿಸಲು. ಅದರ ತಂಡ ವರ್ಷಕ್ಕೆ 2 ಸಲ ಅಂಗನವಾಡಿಗೆ ಬರಬೇಕು. ಅವರು ಬಂದಾಗ ಹುಡುಗನಿಗೆ ಎರಡು ದಾಟಿತ್ತು. ಅಷ್ಟರಲ್ಲಿ ನನಗೂ ಅನುಮಾನ ಬಂದಿತ್ತು. ಹಿಂದಿನ ಸಂಜೆ ಅವನ ಅಜ್ಜಿ ಬಂದು, "ಮಗಳನ್ನ ನನ್ ತಮ್ಮಂಗೇ ಕೊಟ್ಟೋಳು ನಾನು. ಮಗೀಗೆ ಏನೋ ಐತೆ ಅಂದ್ರೆ ಊರೋರು ನನ್ನನ್ನೇ ಆಡ್ಕತಾರೆ ಕಣವ್ವ. ಇನ್ನೊಂದ್ ವರ್ಸ ನೋಡಾನ" ಎಂದು ಕಣ್ಣು ಒರೆಸಿಕೊಂಡಿದ್ದಳು. ಬಾರದ ಮಕ್ಕಳು ಯಾರಾದರೂ ಉಳಿದಿದ್ದಾರಾ ಎಂದು ಡಾಕ್ಟರು ಕೇಳಿದರು. ಹೆಸರು ನಾಲಗೆಯ ತುದಿಯಲ್ಲಿತ್ತು. "ಇಲ್ಲ ಸಾರ್" ಎಂದೆ.

ಅಜ್ಜಿಯ ಮೇಲಿನ ಕರುಣೆಯಿಂದ ಹಾಗಂದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಈಗ ನೋಡಿದರೆ ಅದು ಕರುಣೆಯಲ್ಲ. ನಾನು ಕೊಟ್ಟ ಭರವಸೆ ಸುಳ್ಳಾಗುತ್ತದಲ್ಲ, ಆ ಭಯ.

ಮೂರೂವರೆಯಲ್ಲಿ ಅವನನ್ನು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. 1965ರಿಂದ ಇರುವ ಸಂಸ್ಥೆ, ನಮ್ಮೂರಿಂದ ಒಂದು ಬಸ್ಸಿನ ದಾರಿ. ಮಲಗಿಸಿ ತಲೆಗೆ ವೈರು ಅಂಟಿಸಿ ಪರೀಕ್ಷೆ ಮಾಡಿದರು. ಎರಡೂ ಕಿವಿಯಲ್ಲಿ ತೀವ್ರ ದೋಷ. ಹುಟ್ಟಿದ 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ಖಚಿತ, 6 ತಿಂಗಳೊಳಗೆ ಮೆಷಿನ್ನು ಮತ್ತು ತರಬೇತಿ, ಇದು ಈಗ ಎಲ್ಲ ಕಡೆ ಒಪ್ಪಿರುವ ಲೆಕ್ಕ. ಮಿದುಳು ಭಾಷೆಯನ್ನು ಸಲೀಸಾಗಿ ಹಿಡಿಯುವುದು ಆ ಮೊದಲ ವರ್ಷಗಳಲ್ಲೇ. ಮಾತಾಗಲಿ ಸನ್ನೆಯಾಗಲಿ, ನಾವು ಅವನಿಗೆ ಯಾವ ಭಾಷೆಯನ್ನೂ ಕೊಟ್ಟಿರಲಿಲ್ಲ. "ಮೊದಲು ಅನುಮಾನ ಬಂದದ್ದು ಯಾವಾಗ?" ಎಂದು ಕೇಳಿದರು. ಅವನ ತಾಯಿ "ಒಂದೂವರೆಗೆ" ಎಂದಳು. ನಾನು ನೆಲ ನೋಡಿದೆ.

ಅಲ್ಲಿ ಮಕ್ಕಳ ಜೊತೆ ತಾಯಂದಿರೂ ಕೂತು ಕಲಿಯುತ್ತಾರೆ. ಅವಳೂ ಕಲಿತಳು. ಅಕ್ಕಿ ತೊಳೆಯುವಾಗ ಮಗನ ಮುಖಕ್ಕೆ ಮುಖ ಕೊಟ್ಟು "ಅಕ್ಕಿ... ನೀರು... ತಣ್ಣಗೆ" ಎನ್ನುತ್ತಾಳೆ. ಬೇರೆ ಮಕ್ಕಳು ಅಂಗಳದಲ್ಲಿ ಆಡುತ್ತಾ ತಾವಾಗಿ ಆಯ್ದುಕೊಳ್ಳುವ ಮಾತನ್ನು ಇವಳು ಒಂದೊಂದಾಗಿ, ನೂರು ಸಲ ಬಡಿಸಬೇಕು.

ಈಗ ನಾನು ತಪ್ಪಲೆ ಕುಕ್ಕುವುದಿಲ್ಲ. ಅನುಮಾನ ಬಂದ ದಿನವೇ ಚೀಟಿ ಬರೆದು ಕಳಿಸುತ್ತೇನೆ, ಮನೆಯವರು ಬೈದರೂ ಸರಿ.

ಕಳೆದ ಸಂಕ್ರಾಂತಿಗೆ ಅವಳು ಎಳ್ಳು ಬೀರಲು ಬಂದಳು. "ನೀವು ಮೈಸೂರಿಗೆ ಜೊತೇಲಿ ಬಂದ್ರಲ್ಲ ಟೀಚರಮ್ಮ, ಆ ಉಪಕಾರ ಮರೆಯಕಿಲ್ಲ" ಎಂದಳು. ಎಳ್ಳು ಕೈಯಲ್ಲಿ ಹಿಡಿದು ನಿಂತೆ. ಡಾಕ್ಟರಿಗೆ ನಾನು ಇಲ್ಲ ಎಂದ ಸಂಗತಿ ಅವಳಿಗೆ ಇನ್ನೂ ಗೊತ್ತಿಲ್ಲ.