ಹುಬ್ಬು ತಿದ್ದುವ ಕೈ

ನಮ್ಮ ನೊಣವಿನಕೆರೆಯ ಹೆಣ್ಣುಮಕ್ಕಳು ಪರೀಕ್ಷೆ ಮುಗಿದ ಮೇಲೆ ಮೊದಲೆಲ್ಲ ನನ್ನನ್ನು ಕೇಳುತ್ತಿದ್ದುದು ಎರಡೇ ಮಾತು: ಮುಂದೆ ಓದಲೇ, ಹೊಲಿಗೆ ಕಲಿಯಲೇ? ಈಗ ಮೂರನೆಯದೊಂದು ಸೇರಿದೆ: “ಮಿಸ್, ಬ್ಯೂಟಿ ಪಾರ್ಲರ್ ಕಲಿಯೋಕೆ ಹೋಗ್ಲಾ?”

ಐ.ಟಿ.ಐ.ಯಲ್ಲಿ ಇದಕ್ಕೆ ಒಂದು ವರ್ಷದ ಕೋರ್ಸಿದೆ. ಧರ್ಮಸ್ಥಳದ ಟ್ರಸ್ಟು, ಅಂದಿನ ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕುಗಳು ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ, ಬ್ಯಾಂಕುಗಳೇ ನಡೆಸುವ ಸ್ವಉದ್ಯೋಗ ತರಬೇತಿ ಕೇಂದ್ರಗಳೂ ಇವೆ. ಅಲ್ಲಿ ಹದಿನೆಂಟು ದಾಟಿದ ಹಳ್ಳಿಯವರಿಗೆ ಊಟ, ವಸತಿ, ಕಲಿಕೆ ಎಲ್ಲವೂ ಉಚಿತ. ಒಕ್ಕಲಿಗರ, ಲಿಂಗಾಯತರ, ಮುಸ್ಲಿಮರ, ಕಾಲೋನಿಯ ಹುಡುಗಿಯರೆಲ್ಲ ಅರ್ಜಿ ತುಂಬಿಸಿಕೊಳ್ಳಲು ನನ್ನ ಬಳಿ ಬಂದಿದ್ದಾರೆ.

ಕೂದಲು ಕತ್ತರಿಸುವುದು ನಮ್ಮಲ್ಲಿ ಒಂದೇ ಸಮುದಾಯದ ಪಾಲಿಗೆ ಬಿಟ್ಟ ಕೆಲಸ. ಅವರಿಂದ ಸೇವೆ ಪಡೆದವರೇ ಅವರ ಕುಲದ ಹೆಸರನ್ನು ಬೈಗುಳ ಮಾಡಿಕೊಂಡರು. ಅದೇ ಕತ್ತರಿ, ಅದೇ ಬಾಚಣಿಗೆ. ಇಂಗ್ಲಿಷ್ ಹೆಸರಿನ ಬೋರ್ಡು ಬಿದ್ದದ್ದೇ ತಡ, ತೋಟ ತುಡಿಕೆ ಉಳ್ಳವರೂ ಮಗಳನ್ನು ಕಳಿಸುತ್ತಾರೆ. ಹೆಸರಿನ ಮಹಿಮೆ ನೋಡಿ!

ಇನ್ನೊಂದು ಕಡೆ, ದಲಿತರಿಗೆ ಕ್ಷೌರದ ಕುರ್ಚಿಯೇ ಸಿಗದ ಊರುಗಳಿದ್ದವು. 1948ರಲ್ಲಿ ಸಂವಿಧಾನ ಸಭೆಯಲ್ಲಿ, ಅಂಗಡಿಗೆ ಯಾರನ್ನೂ ತಡೆಯಬಾರದೆಂಬ ವಿಧಿ ಚರ್ಚೆಗೆ ಬಂದಾಗ, ಕ್ಷೌರದಂಗಡಿಯೂ ಅದರಲ್ಲಿ ಸೇರುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ಬಂದವರಿಗೆ ಸೇವೆ ಕೊಡುವ ಜಾಗವೆಲ್ಲ ಅಂಗಡಿಯೇ ಎಂಬ ಅರ್ಥದಲ್ಲಿ ಅಂಬೇಡ್ಕರರು ಉತ್ತರಿಸಿದರು. ಆದರೂ ಕುರ್ಚಿ ನಿರಾಕರಿಸಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಇಂದಿಗೂ ಓದುತ್ತೇವೆ.

ತರಬೇತಿ ಮುಗಿಸಿ ಬಂದ ಕಾಲೋನಿಯ ಹುಡುಗಿಯೊಬ್ಬಳು ಅಲ್ಲಿಯ ಪಾಠ ವಿವರಿಸಿದಳು. ಹುಬ್ಬು ತಿದ್ದಲು ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕು. ಅಭ್ಯಾಸಕ್ಕೆ ಬೇರೆ ಯಾರ ಮುಖ ಬರುತ್ತದೆ? ಪಕ್ಕದವಳದೇ. ಇವಳು ಕಚ್ಚಿದ ದಾರ ಅವಳ ಹುಬ್ಬಿಗೆ, ಅವಳು ಕಚ್ಚಿದ್ದು ಇವಳ ಹುಬ್ಬಿಗೆ. ಮಡಿ, ಎಂಜಲು ಎನ್ನುತ್ತಾ ಕೂತರೆ ಕಸುಬು ಕೈಗೆ ಹತ್ತುವುದಿಲ್ಲ. ಸಮಾಜಪಾಠದಲ್ಲಿ ಸಮಾನತೆಯ ಬಗ್ಗೆ ವರ್ಷಗಟ್ಟಲೆ ನೋಟ್ಸು ಬರೆಸಿದವಳು ನಾನು. ಒಂದು ಮೊಳ ದಾರ ಅದನ್ನು ನನಗಿಂತ ಚೆನ್ನಾಗಿ ಕಲಿಸಿತ್ತು.

ಪರೀಕ್ಷೆ ಇದ್ದದ್ದು ಊರಿಗೆ ಬಂದ ಮೇಲೆ. ಅವಳು ಬಾಡಿಗೆಗೆ ಮಳಿಗೆ ಕೇಳಿದ ಕಡೆಯೆಲ್ಲ ಮೊದಲ ಪ್ರಶ್ನೆ, “ಯಾರ ಪೈಕಿ?” ಆಮೇಲೆ ಮಳಿಗೆ ಖಾಲಿ ಇರುತ್ತಿರಲಿಲ್ಲ. ಈಗ ತನ್ನ ಮನೆಯ ಮುಂಗೋಣೆಯಲ್ಲೇ ಒಂದು ಕನ್ನಡಿ, ಒಂದು ಕುರ್ಚಿ ಹಾಕಿಕೊಂಡಿದ್ದಾಳೆ. ಮದುವೆಯ ದಿನಗಳಲ್ಲಿ ಊರೊಳಗಿನ ಹುಡುಗಿಯರೂ ಒಬ್ಬೊಬ್ಬರಾಗಿ ಬರುತ್ತಾರೆ, ಆದರೆ ಮುಸ್ಸಂಜೆ ಕಳೆದ ಮೇಲೆ.

ನಾನು ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳಲು ಹೋಗುವುದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಪೇಟೆ ಬೀದಿಯಲ್ಲಿ ಎಲ್ಲರನ್ನೂ ಮಾತಾಡಿಸಿಕೊಂಡು. ಎಲ್ಲಿಗೆ ಮೇಡಂ ಎಂದರೆ ಅವಳ ಹೆಸರು ಹೇಳುತ್ತೇನೆ.